ದುಃಖದ ಉಪವಾಸ

ಹಲೋ... ಹಲೋ, ಯಾರು? ಯಾರು ಮಾತಾಡ್ತಿರೋದು?...

ಯಾರು? ಸ್ವಲ್ಪ ಜೋರಾಗಿ ಹೇಳಿ. ಫೋನು ಅಲ್ಲಿದೆ, ನಾನು ಇಲ್ಲಿದ್ದೀನಿ...

ಅಯ್ಯೋ, ಪೀಚು! ನೀನೇನೇ? ಧ್ವನಿ ಗುರುತೇ ಸಿಗಲಿಲ್ಲ ಕಣೇ. ಏನದು ಗಡಗಡ ಸದ್ದು, ಹಿಟ್ಟಿನ ಗಿರಣೀಲಿ ಕೂತಿದ್ದೀಯಾ?...

ಬಸ್ಸಾ? ಸರಿ ಸರಿ...

ಇಲ್ಲ ಕಣೇ, ನಿನ್ನ ಹೆಸರು ಬಂದೇ ಇರುತ್ತೆ, ನಾನೇ ನೋಡಲ್ಲ. ಪರದೆಯ ಬೆಳಕು ಕಣ್ಣಿಗೆ ಬಿದ್ರೆ ನಿದ್ದೆಯ ಹಾರ್ಮೋನು ಕೆಡುತ್ತೆ. ಅದಕ್ಕೇ ಫೋನನ್ನ ಸ್ಟೂಲಿನ ಮೇಲೆ ಬೋರಲು ಹಾಕಿ, ಸ್ಪೀಕರ್ ಇಟ್ಟು, ನಾನು ಬಾಗಿಲ ಹತ್ರ ನಿಂತು ಕೂಗೋದು. ಎದುರುಮನೆಯವಳಿಗೆ ಈಗ ನಮ್ಮ ಮನೆ ವಿಷಯ ಎಲ್ಲಾ ಗೊತ್ತು. ಒಂದು ಥರ ಅನುಕೂಲವೇ, ಅವಳಿಗೆ ಬೇರೆ ಕೂತು ಹೇಳೋ ಕೆಲಸ ಉಳೀತು...

ಹಾಂ, ಹೇಳು. ಏನು ಸಮಾಚಾರ?...

ಹಾಂ... ಹಾಂ... ತಾಳು ತಾಳು. ನಿಲ್ಸು. ಮೊದಲು ನನ್ನದೊಂದು ಮಾತು ಕೇಳು. ನಾನೀಗ ಉಪವಾಸದಲ್ಲಿದ್ದೀನಿ...

ಊಟದ್ದಲ್ವೇ! ಊಟ ಚೆನ್ನಾಗೇ ಮಾಡ್ತಿದ್ದೀನಿ. ಇದು ದುಃಖದ ಉಪವಾಸ. ದುಃಖದ ವಿಷಯ ಆಡಬಾರದು, ಕೇಳಬಾರದು. ನಾನು ಸೇರಿರೋ ಕೋರ್ಸಿನ ಕೋಚ್ ಮೇಡಂ ಹೇಳಿರೋದು, ಹಾರ್ಮೋನ್ ಸಮತೋಲನಕ್ಕೆ. ಒಂದು ದುಃಖದ ಮಾತು ಕಿವಿಗೆ ಬಿದ್ರೆ ಸಾಕಂತೆ, ಮೈಯೊಳಗೆ ಕಾರ್ಟಿಸಾಲ್ ಅನ್ನೋ ಚಿಂತೆಯ ಹಾರ್ಮೋನು ಬುಸ್ ಅಂತ ಏಳುತ್ತಂತೆ, ಒಲೆ ಮೇಲೆ ಹಾಲು ಉಕ್ಕಿದ ಹಾಗೆ. ಉಕ್ಕಿದ ಮೇಲೆ ಒರೆಸೋರು ಯಾರು, ಹೇಳು?...

ಅದಕ್ಕೇ, ಅದನ್ನ ಬಿಟ್ಟು ಬೇರೆ ಏನಾದ್ರೂ ಹೇಳು...

ಹಾಂ?...

ಬೇರೆ ಏನೂ ಇಲ್ವಾ?...

ಇದ್ದೇ ಇರುತ್ತೆ ಕಣೇ, ಯೋಚನೆ ಮಾಡು. ಕಿಟಕಿ ಆಚೆ ಏನು ಕಾಣ್ತಿದೆ?... ಸಿಮೆಂಟ್ ಕಾರ್ಖಾನೆನಾ. ಹೋಗ್ಲಿ, ಕಿಟಕಿ ಬೇಡ...

ಏನು? ಮನೆ ಖಾಲಿ ಮಾಡಿದ್ಯಾ? ಯಾವಾಗ?... ಇವತ್ತಾ! ಕಂಪನಿಯವರು ಇಷ್ಟು ಬೇಗ ಕ್ವಾರ್ಟರ್ಸ್ ಬಿಡಿ ಅಂದ್ರಾ? ನಿನ್ನ ಗಂಡ ಹೋಗಿ ಇನ್ನೂ... ನೋಡು, ನೋಡು, ನನ್ನ ಬಾಯಿಂದಲೇ ಬರ್ತಿದೆ. ಅಂಥ ಕಡೆ ಬೇರೆ ಪದ ಹಾಕ್ಬೇಕು ಅಂತ ಕೋಚ್ ಹೇಳಿಕೊಟ್ಟಿದ್ದಾರೆ. ಸಾವು ಅನ್ನಬಾರದು, 'ಬದಲಾವಣೆ' ಅನ್ನಬೇಕು. ಈಗ ಮತ್ತೆ ಹೇಳು...

ಹೂಂ. ಬದಲಾವಣೆ ಆದ ಮೇಲೆ ಅವನ ಕೆಲಸಕ್ಕೆ ಹೊಸಬರು ಬಂದ್ರು... ಹೂಂ. ಅವರಿಗೆ ಮನೆ ಬೇಕಾಯ್ತು. ಬೀಗದ ಕೈ ಕೊಟ್ಟು ಬಂದೆ... ನೋಡಿದ್ಯಾ, ಮಾತು ಎಷ್ಟು ಹಗುರ ಆಯ್ತು!...

ಈಗ ಎಲ್ಲಿಗೆ ಹೊರಟಿದ್ದೀಯ?...

ಗೊತ್ತಿಲ್ಲ ಅಂದ್ರೆ ಏನರ್ಥ? ಬಸ್ಸಲ್ಲಿ ಕೂತಿದ್ದೀನಿ ಅಂತೀಯ. ಬಸ್ಸಿಗಾದ್ರೂ ಗೊತ್ತಿರುತ್ತಲ್ಲ?...

ಹಾಂ, ನಮ್ಮ ಊರಿನ ಮೇಲೆ ಹೋಗೋ ಬಸ್ಸು. ಮುಂದೆ ನಿನ್ನ ಅತ್ತೆ ಊರು, ಅದೇ ಕೊನೆ. ಗೊತ್ತು, ಗೊತ್ತು...

ಅಂದ್ರೆ... ನಾನು ಹೂಂ ಅಂದ್ರೆ ಇಲ್ಲಿ ಇಳೀತೀಯ. ಇಲ್ಲ ಅಂದ್ರೆ ಸೀದಾ ಅತ್ತೆ ಮನೆಗೆ. ಹಾಗಾ?... ಕಂಡಕ್ಟರ್ ಇನ್ನೂ ಮುಂದಿನ ಸೀಟಿನವರ ಹತ್ರ ಇದ್ದಾನಾ. ಬರಲಿ ಬಿಡು, ಅಷ್ಟರಲ್ಲಿ ಯೋಚನೆ ಮಾಡೋಣ...

ಎಷ್ಟು ದಿನಕ್ಕೆ?... ಸ್ವಲ್ಪ ದಿನ. ಸ್ವಲ್ಪ ಅಂದ್ರೆ?... ಅಲ್ಲ ಕಣೇ, ಹಾಗಲ್ಲ! ನಿನ್ನ ಅಕ್ಕ ನಾನು, ಬೇಡ ಅಂದ್ನಾ? ಬೇಡ ಅನ್ನಲಿಲ್ಲ ಅಲ್ವಾ? ಇದು ನಿನ್ನ ಮನೆ ಇದ್ದ ಹಾಗೇ. ಆದ್ರೆ ಒಳಗಿನ ರೂಮು ಖಾಲಿ ಇಲ್ಲ...

ಯಾರೂ ಬಂದಿಲ್ಲ. ಪ್ಲಾಸ್ಟಿಕ್ ಇದೆ...

ಪ್ಲಾಸ್ಟಿಕ್ ಕಣೇ! ಡಬ್ಬಿ, ಬಾಟಲಿ, ಜರಡಿ, ಚಮಚ, ಸೋಪಿನ ಪೆಟ್ಟಿಗೆ. ಬಿಸಿ ಊಟ ಅದರಲ್ಲಿ ಹಾಕಿದ್ರೆ ಅದು ಊಟದೊಳಗೆ ಇಳಿದು, ಮೈಯೊಳಗೆ ಹೋಗಿ, 'ನಾನೇ ಹಾರ್ಮೋನು' ಅಂತ ವೇಷ ಹಾಕುತ್ತಂತೆ. ನಮ್ಮ ಗ್ರಂಥಿಗಳು ಪಾಪ ಹಳೇ ಕಾಲದವು, ಬಾಗಿಲು ತಟ್ಟಿದವರನ್ನೆಲ್ಲಾ ಒಳಗೆ ಬಿಟ್ಕೊಳ್ತಾವೆ. ಅದಕ್ಕೇ ಎಲ್ಲಾ ಎತ್ತಿ ಆ ರೂಮಿಗೆ ತುಂಬಿ ಬೀಗ ಹಾಕಿದೆ. ಸುಗಂಧದ ಬಾಟಲಿ, ನೆಲ ಒರೆಸೋ ಪರಿಮಳದ ನೀರು, ನಾನ್‌ಸ್ಟಿಕ್ ಬಾಣಲೆ, ಎಲ್ಲಾ ಅಲ್ಲೇ. ಬಾಗಿಲು ತೆಗೆದ್ರೆ ಮೈಮೇಲೆ ಬೀಳ್ತಾವೆ. ಆ ಬಾಣಲೆ ಇದೆಯಲ್ಲ, ಅದನ್ನ ಎತ್ತಿಡೋವಾಗ ನನಗೆ ಎಷ್ಟು ಸಂಕಟ ಆಯ್ತು ಗೊತ್ತಾ? ಗೀರಿಲ್ಲ, ಕಲೆಯಿಲ್ಲ, ಕನ್ನಡಿ ಹಾಗಿತ್ತು. ಎಣ್ಣೆ ಹಾಕದಿದ್ರೂ ಜಾರ್ತಿತ್ತು. ಆದ್ರೆ ಮೇಲೆ ಬಳಿದಿರೋದು ಏನು ಅಂತ ಯಾರಿಗೆ ಗೊತ್ತು? ಮೂರು ಸಲ ಕಸದ ಬುಟ್ಟಿವರೆಗೂ ತಗೊಂಡು ಹೋಗಿ ವಾಪಸ್ ತಂದೆ...

ಹಲೋ? ಇದ್ದೀಯಾ? ಯಾರ ಜೊತೆ ಮಾತಾಡ್ತಿದ್ದೆ ಈಗ?... ಏನಿಲ್ವಾ. ಸರಿ...

ಎಸೆಯೋದಾ? ಹೇಗೆ ಎಸೀಲಿ? ನಿಮ್ಮ ಭಾವ ಬಿಡಬೇಕಲ್ಲ. ಅವರು ಮಾರೋದೇ ಬಕೆಟ್ಟು, ಮಗ್ಗು, ಕುರ್ಚಿ. ಪ್ಲಾಸ್ಟಿಕ್ಕಿಗೆ ಒಂದು ಮಾತು ಅಂದ್ರೆ ಅವರ ತಾಯಿಗೆ ಅಂದ ಹಾಗೆ ಮುಖ ಮಾಡ್ತಾರೆ. ಅಂಗಡಿಯಿಂದ ಬಂದ ಕೂಡ್ಲೇ ಬಾಗಿಲಲ್ಲೇ ಬಟ್ಟೆ ಬಿಚ್ಚಿಟ್ಟು ಒಳಗೆ ಬನ್ನಿ ಅಂತ ನಿಯಮ ಮಾಡಿದ್ದೀನಿ. ಮೊನ್ನೆ ಅದೇ ಹೊತ್ತಿಗೆ ಎದುರುಮನೆಯವಳು ಬಾಗಿಲು ತೆಗೆದಳು. ಇವರು ಚಡ್ಡೀಲಿ! 'ನನ್ನ ಹಾರ್ಮೋನು ಸರಿ ಹೋಯ್ತೋ ಇಲ್ವೋ ಗೊತ್ತಿಲ್ಲ, ಆಯಮ್ಮಂದು ಮಾತ್ರ ಕೆಟ್ಟಿತು' ಅಂತ ಊಟ ಮುಗಿಯೋವರೆಗೂ ಗೊಣಗಿದ್ರು...

ನಗು ಬಂತಾ?... ಬರಲಿಲ್ವಾ. ಹೋಗ್ಲಿ ಬಿಡು...

ಹಾಲ್‌ನಲ್ಲಿ ಮಲಗ್ತೀಯಾ? ಅಲ್ಲಿ ನಿಮ್ಮ ಭಾವ ಮಲಗ್ತಾರೆ. ನನ್ನ ನಿದ್ದೆಗೆ ಕತ್ತಲೂ ಬೇಕು, ನಿಶ್ಶಬ್ದವೂ ಬೇಕು. ಅವರ ಗೊರಕೆ ಶಬ್ದಮಾಲಿನ್ಯದ ಲೆಕ್ಕಕ್ಕೆ ಬರುತ್ತೆ, ಕೋಚ್ ರೆಕಾರ್ಡಿಂಗ್ ಕೇಳಿ ಗಾಬರಿಯಾದ್ರು. ಸೂರ್ಯ ಮುಳುಗಿದ ಮೇಲೆ ಮನೇಲಿ ದೀಪ ಹಾಕಲ್ಲ, ಗೊತ್ತಾ? ಊಟವೂ ಕತ್ತಲಲ್ಲೇ. ಮೊನ್ನೆ ನಿಮ್ಮ ಭಾವ ಉಪ್ಪು ಅಂತ ಸೋಡಾಪುಡಿ ಹಾಕ್ಕೊಂಡ್ರು, ರಾತ್ರಿಯೆಲ್ಲಾ ತೇಗು. ಬೆಳಿಗ್ಗೆ ಎದ್ದ ಕೂಡ್ಲೇ ಮಹಡಿ ಹತ್ತಿ ಬಿಸಿಲಿಗೆ ಮುಖ ಒಡ್ಡಬೇಕು, ಬರಿಗಾಲಲ್ಲಿ ನಡೀಬೇಕು, ಒಂದೇ ಕಡೆ ಜಾಸ್ತಿ ಹೊತ್ತು ಕೂರಬಾರದು...

ಅಷ್ಟೆಲ್ಲಾ ಮಾಡಿದ್ರೆ ನಿದ್ದೆ ಬರುತ್ತಾ ಅಂತಾ? ಬರುತ್ತಪ್ಪ... ಮಧ್ಯಾಹ್ನ ಬರುತ್ತೆ. ರಾತ್ರಿಯೆಲ್ಲಾ ನಾಳೆ ಏನೇನು ಮಾಡಬಾರದು ಅಂತ ನೆನಪು ಮಾಡ್ಕೊಳ್ಳೋದೇ ಆಗುತ್ತೆ...

ಏನಂದೆ?... ಕಾರ್ಟಿಸಾಲ್ ಕೆಟ್ಟದ್ದೇನಲ್ವಾ? ಬೆಳಿಗ್ಗೆ ಹಾಸಿಗೆ ಬಿಟ್ಟು ಏಳೋದಕ್ಕೂ ಅದೇ ಬೇಕಾ?... ನಮ್ಮ ಕೋಚ್ ಹಾಗೆ ಹೇಳಿಲ್ಲಮ್ಮ. ನೀನು ಕಾಲೇಜಲ್ಲಿ ಪಾಠ ಮಾಡಿದ್ದು ಕಪ್ಪೆ ವಿಷಯ ಕಣೇ, ಇದು ಮನುಷ್ಯರ ವಿಷಯ...

ಎಲ್ಲದಕ್ಕೂ ಇರೋದು ಒಂದೇ ಥರದ ಗ್ರಂಥಿನಾ?... ಇರಬಹುದು. ಆದ್ರೆ ಕಪ್ಪೆಗೆ ಸಂಸಾರ ಇರಲ್ಲ...

ಆದ್ರೂ ಪೀಚು, ಒಂದು ಮಾತು ಹೇಳ್ಲಾ? ನಿನ್ನ ನೋಡಿದ್ರೆ ನನಗೆ ಹೊಟ್ಟೆಕಿಚ್ಚು...

ಹೂಂ ಕಣೇ, ನಿಜವಾಗ್ಲೂ. ಈಗ ಹೇಗೆ ಮಾತಾಡ್ತಿದ್ದೀಯ ನೋಡು, ರೇಡಿಯೋದಲ್ಲಿ ಹವಾಮಾನ ಓದೋರ ಹಾಗೆ. ಅವತ್ತು, ಬದಲಾವಣೆ ದಿನವೂ ಅಷ್ಟೇ. ನಾವೆಲ್ಲಾ ಗೋಡೆಗೆ ಒರಗಿ ಅಳ್ತಿದ್ರೆ ನೀನು ಬಾಗಿಲಲ್ಲಿ ನಿಂತು 'ಕುರ್ಚಿ ಸಾಲದು, ಪಕ್ಕದ ಮನೆಯಿಂದ ತರಿಸಿ' ಅಂದೆ. ಒಂದು ತೊಟ್ಟು ಕಣ್ಣೀರಿಲ್ಲ. ನಾನು ಕೋಚ್‌ಗೆ ನಿನ್ನ ವಿಷಯ ಹೇಳಿದೆ. 'ನಿಮ್ಮ ತಂಗಿಯದು ಹುಟ್ಟಿನಿಂದಲೇ ಬಂದ ಸಮತೋಲನ, ಇಂಥವರು ಅಪರೂಪ' ಅಂದ್ರು. ನಿನ್ನ ಫೋಟೋ ಬೇರೆ ಕೇಳಿದ್ರು...

ನಮ್ಮ ಗುಂಪಿಗೆ ಹಾಕೋದಕ್ಕೆ ಕಣೇ. ಮಾದರಿ ಅಂತ...

ಹಾಕಿಲ್ಲ, ಹಾಕಿಲ್ಲ. ನಿನ್ನ ಕೇಳದೆ ಹಾಕ್ತೀನಾ?... ಕೊಟ್ಟಿದ್ದೀನಿ, ಹಾಕಿಲ್ಲ...

ಸರಿ, ಅತ್ತೆ ಮನೇಲಿ ಏನು ತೊಂದರೆ? ದೊಡ್ಡ ಮನೆ, ಹಿತ್ತಲು, ಗಾಳಿ ಬೆಳಕು. ಪರಿಸರ ಅಂತ ನೋಡಿದ್ರೆ ನಮ್ಮನೆಗಿಂತ ಅದೇ ಎಷ್ಟೋ ಮೇಲು...

ಹೂಂ... ಹೂಂ... ನಿನ್ನ ಸುತ್ತ ಕೂರ್ತಾರಾ? ಕೂತು?... ನೀನು ಅಳಲಿ ಅಂತ ಕಾಯ್ತಾರಾ! ಏನೇ ಹಾಗಂದ್ರೆ, ಹಸು ಈಗ ಹಾಲು ಬಿಡುತ್ತೆ ಆಗ ಬಿಡುತ್ತೆ ಅಂತ ಚೊಂಬು ಹಿಡ್ಕೊಂಡು ಕೂತ ಹಾಗಾ?... 'ಕಲ್ಲುಹೃದಯ' ಅಂದ್ರಾ? ನಿನ್ನ ಎದುರಿಗೇ?...

ಹಾಗೆ ಅಂದಿರಲಿಕ್ಕಿಲ್ಲ ಬಿಡು. ಅಂದ್ರೂ ನೀನು ಕಿವಿಗೆ ಹಾಕ್ಕೋಬೇಡ...

ಸರಿ. ಇಲ್ಲಿಗೇ ಬಾ. ಆದ್ರೆ ನಿಯಮ ಹೇಳಿಬಿಡ್ತೀನಿ, ಆಮೇಲೆ ಅಕ್ಕ ಹಾಗಂದಳು ಹೀಗಂದಳು ಅನ್ನಬಾರದು. ಪೌಡರ್ ಗೀಡರ್ ಹಚ್ಕೊಂಡು ಬರಬೇಡ. ಶಾಂಪೂ ನಿಂದು ಬೇಡ, ಇಲ್ಲಿ ಕಡಲೆಹಿಟ್ಟಿದೆ. ಫೋನು ಸಂಜೆ ಆದ ಮೇಲೆ ತಗಡಿನ ಡಬ್ಬಿಗೆ. ಮುಖ ಗೆಲುವಾಗಿರಬೇಕು, ಗೆಲುವಿಲ್ಲದಿದ್ರೂ ಇಟ್ಕೋಬೇಕು. ಅವನ ವಿಷಯ ಎತ್ತಬಾರದು. ಅವನ ಸಾಮಾನು ಯಾವುದೂ ತರಬೇಡ...

ಒಂದೇ ಒಂದಾ? ಏನು?... ಸ್ವೆಟರಾ. ಯಾವುದರದ್ದು, ಉಣ್ಣೆಯದಾ ನೈಲಾನಿನದಾ? ನೈಲಾನಾದ್ರೆ ಬೇಡ. ಒಳಗೆ ಚೀಟಿ ಇರುತ್ತಲ್ಲ, ನೋಡಿ ಹೇಳು...

ನೋಡೋಕಾಗಲ್ವಾ? ಯಾಕೆ?...

ಹಾಕ್ಕೊಂಡಿದ್ದೀಯಾ! ಈ ಬಿಸಿಲಲ್ಲಾ?...

ಚಳಿನಾ? ಪೀಚು, ಇಲ್ಲಿ ಫ್ಯಾನಿನ ಕೆಳಗೆ ನಾನು ಬೇಯ್ತಾ ಇದ್ದೀನಿ. ಯಾವತ್ತಿಂದ ಚಳಿ?... ಯಾವಾಗ್ಲೂನಾ?...

ತಾಳು, ಇದು ನಮ್ಮ ಕೋರ್ಸಲ್ಲಿ ಬರುತ್ತೆ. ಚಳಿ ಆಗುತ್ತೆ ಅಂದ್ರೆ ಮುಂದಿನ ಪ್ರಶ್ನೆ... ಹಾಂ, ಬಾಯಿಪಾಠ ಆಗಿದೆ ನನಗೆ. ಕೂದಲು ಉದುರುತ್ತಾ?... ಉದುರುತ್ತೆ. ಹಸಿವು?... ಇಲ್ಲ. ನಿದ್ದೆ?... ಒಂದಿಷ್ಟೂ? ಅಂದ್ರೆ ರಾತ್ರಿಯೆಲ್ಲಾ ಏನು ಮಾಡ್ತೀಯ?... ಗಡಿಯಾರ ನೋಡ್ತೀಯ. ಸರಿ. ಮುಟ್ಟು ಸರಿಯಾಗಿ ಆಗ್ತಿದೆಯಾ?...

ಹಾಂ?...

ಕೊನೇ ಸಲ ಯಾವಾಗ ಆಗಿದ್ದು?... ಅದಕ್ಕೆ ಮುಂಚೆ. ಯಾವುದಕ್ಕೆ ಮುಂಚೆ?...

ಬದಲಾವಣೆಗೆ ಮುಂಚೆ...

ಆಮೇಲೆ?... ಒಂದು ಸಲವೂ ಇಲ್ವಾ?...

ಏ, ಪೀಚು... ಹೊಟ್ಟೇಲಿ ಮಗು ಗಿಗು... ಪರೀಕ್ಷೆ ಮಾಡಿಸಿದ್ಯಾ?... ಇಲ್ಲ ಅಂತಾ. ಹೂಂ...

ಒಂದು ನಿಮಿಷ. ಫೋನು ಕೈಗೆ ತಗೋತೀನಿ...

ಹಾಂ, ಈಗ ಹೇಳು. ಕಿವಿಗೇ ಇಟ್ಕೊಂಡಿದ್ದೀನಿ. ಮೆಲ್ಲಗೇ ಹೇಳು, ಕೇಳಿಸುತ್ತೆ. ಬಾಗಿಲೂ ಹಾಕಿದೆ...

ಅವನು ಸತ್ತ ದಿನದಿಂದಾನಾ?...

ಹೂಂ...

ಹೂಂ...

ಡಾಕ್ಟರ್ ಏನಂದ್ರು?... ರಕ್ತ ಪರೀಕ್ಷೆ ಎಲ್ಲಾ ಮಾಡಿದ್ರಾ. ಗ್ರಂಥಿ ಎಲ್ಲಾ ಸರಿಯಾಗೇ ಇದೆಯಾ?... ಮತ್ತೆ ಯಾಕೆ ಹೀಗೆ?... ಮೈ ಹೆದರಿದೆ ಅಂದ್ರಾ. ಹೆದರಿ, ಒಂದೊಂದೇ ಕೆಲಸ ನಿಲ್ಲಿಸ್ತಾ ಬಂದಿದೆ...

ಮಾತ್ರೆ?... ಈಗಲೇ ಬೇಡ. ಮತ್ತೇನು ಮಾಡಬೇಕಂತೆ?... ಹೊತ್ತಿಗೆ ಊಟ. ನಿದ್ದೆ. ಮತ್ತೆ?...

ಒಬ್ಬರೇ ಇರಬೇಡಿ ಅಂದ್ರಾ...

ಅದನ್ನ ಮೊದಲೇ ಹೇಳಬಾರದಾ ನೀನು? ಫೋನ್ ಮಾಡಿದಾಗಿಂದ ಸಿಮೆಂಟು ಸ್ವೆಟರು ಅಂತ... ಹೂಂ. ನಾನೇ ಬಿಡಲಿಲ್ಲ. ಹೌದು...

ನಮ್ಮ ಕೋರ್ಸಲ್ಲಿ ಅದಿಲ್ಲ ಕಣೇ. ಎಲ್ಲಾ ನೆನಪು ಮಾಡ್ಕೊಂಡೆ ಈಗ. ಬೆಳಕಿದೆ, ಸೋಪಿದೆ, ಡಬ್ಬಿ ಇದೆ, ಯಾವ ಪಕ್ಕ ಮಲಗಬೇಕು ಅಂತಾನೂ ಇದೆ. ಮನುಷ್ಯರ ಬಗ್ಗೆ ಒಂದೇ ಪಾಠ ಇರೋದು. ಯಾರ್ಯಾರನ್ನ ದೂರ ಇಡಬೇಕು ಅಂತ...

ಇಲ್ಲ, ನಾನು ಅಳ್ತಿಲ್ಲ. ಮೂಗು ಕಟ್ಟಿದೆ. ಉಪವಾಸ ಮುರೀತು ಅಷ್ಟೇ, ಹೋಗ್ಲಿ, ಎದುರುಮನೆಯವಳು ಮುಂದುವರಿಸಲಿ...

ಕೇಳು. ಇಲ್ಲೇ ಇಳಿ. ರೂಮು ಬೇಡ, ನನ್ನ ಹಾಸಿಗೆ ಅಗಲ ಇದೆ, ಇಬ್ಬರೂ ಮಲಗೋಣ. ದೀಪ ಬೇಕಾದ್ರೆ ಹಾಕ್ಕೋ. ಗಡಿಯಾರ ನೋಡ್ತೀಯೋ, ಇಬ್ಬರೂ ನೋಡೋಣ. ಅತ್ತರೆ ಅಳು, ಅಳದಿದ್ರೆ ಸುಮ್ನಿರು, ನನಗೇನು? ಕಂಡಕ್ಟರ್ ಬಂದನಾ? ಬಂದ ತಕ್ಷಣ ನಮ್ಮ ಊರಿಗೆ ಟಿಕೆಟ್ ತಗೋ...

ಏನು?...

ಬಂದು ಹೋದನಾ? ತಗೊಂಡಾಯ್ತಾ? ಎಲ್ಲಿಗೆ?...

ಕೊನೇ ಸ್ಟಾಪಿಗಾ! ಅತ್ತೆ ಊರಿಗೆ ಯಾಕೆ ತಗೊಂಡೆ? ನಾನು ಇನ್ನೂ ಹೇಳೇ ಇರಲಿಲ್ಲ. ಯಾವಾಗ ಬಂದಿದ್ದ ಅವನು?...

ನಾನು ಬಾಣಲೆ ವಿಷಯ ಹೇಳ್ತಿದ್ದಾಗ...

ಹೂಂ...

ಸರಿ, ಆಗಿದ್ದು ಆಯ್ತು. ಟಿಕೆಟ್ ಎಲ್ಲಿಗಾದ್ರೂ ಇರಲಿ, ಇಳಿಯೋಳು ನೀನು ಅಲ್ವಾ?... 'ಪರವಾಗಿಲ್ಲ ಅಕ್ಕ' ಅನ್ನಬೇಡ. 'ನಿನಗೆ ಯಾಕೆ ತೊಂದರೆ' ಅಂತಾನೂ ಅನ್ನಬೇಡ, ಹಲ್ಲು ಮುರೀತೀನಿ. ಕಂಡಕ್ಟರ್‌ಗೆ ಫೋನ್ ಕೊಡು... ಕೊಡೇ ಅಂದ್ರೆ...

ಹಲೋ, ಕಂಡಕ್ಟ್ರಾ? ನಮಸ್ಕಾರ. ನಾನು ಅವಳ ಅಕ್ಕ. ಹಾಂ, ಸ್ವೆಟರ್ ಹಾಕ್ಕೊಂಡಿದ್ದಾಳಲ್ಲ, ಅವಳೇ. ಅವಳನ್ನ ನಮ್ಮ ಊರಲ್ಲಿ ಇಳಿಸಿಬಿಡಿ...

ಊರೊಳಗೆ ಬರಲ್ವಾ? ಯಾಕೆ?... ಇಲ್ಲಿನ ಟಿಕೆಟ್ ಯಾರೂ ತಗೊಂಡಿಲ್ಲ. ಬೈಪಾಸಲ್ಲೇ ಹೋಗ್ತೀರಾ... ಅವಳಿದ್ದಾಳಲ್ಲ ಸಾರ್, ಒಬ್ಬಳು ಸಾಲದಾ ಬಸ್ಸು ಒಳಗೆ ಬರೋದಕ್ಕೆ?...

ಸರಿ, ಬೈಪಾಸೇ ಆಗಲಿ. ಪೆಟ್ರೋಲ್ ಬಂಕ್ ದಾಟಿ ಒಂದು ಟೈರ್ ಅಂಗಡಿ ಇದೆಯಲ್ಲ, ಅದರ ಎದುರಿಗೆ ಒಂದು ನಿಮಿಷ ನಿಲ್ಲಿಸಿ. ನಾನು ಅಲ್ಲೇ ನಿಂತಿರ್ತೀನಿ...

ಅವರೇ ಹೇಳಬೇಕಾ?... ಇಳಿಯೋರು ಕೇಳಿದ್ರೆ ಮಾತ್ರ ನಿಲ್ಲಿಸ್ತೀರಾ. ಅಯ್ಯೋ, ಅವಳು ಕೇಳಲ್ಲ ಸಾರ್. ಅವಳು ಏನನ್ನೂ ಕೇಳೋಳಲ್ಲ, ಇವತ್ತು ಒಂದು ಕೇಳಿದ್ದಳು, ಅದು... ನೀವು ಸುಮ್ನೆ ನಿಲ್ಲಿಸಿ, ಬಾಗಿಲು ತೆಗೀರಿ, ನಾನು ಹತ್ತಿ ಇಳಿಸ್ಕೋತೀನಿ...

ಆಯ್ತಾ? ನಿಲ್ಲಿಸ್ತೀರಾ?... ನೋಡೋಣ ಅಂದ್ರೆ ಹೇಗೆ? ಹೂಂ ಅನ್ನಿ... ಸರಿ, ಅವಳಿಗೆ ಕೊಡಿ...

ಪೀಚು, ಕೇಳಿಸ್ಕೊಂಡ್ಯಾ?... ಟೈರ್ ಅಂಗಡಿ ಹತ್ರ. ನಾನು ಈಗಲೇ ಹೊರಟೆ. ಹೌದು, ಮನೆ ಬಟ್ಟೇಲೇ, ಚಪ್ಪಲಿ ಯಾವುದು ಸಿಕ್ತೋ ಅದು. ನಿಮ್ಮ ಭಾವ ಊಟಕ್ಕೆ ಮನೆಗೆ ಬಂದಿದ್ರು, ಬೈಕ್ ತೆಗೀತಿದ್ದಾರೆ. ರೀ, ಬೇಗ!... ನೀನು ಈಗಲೇ ಎದ್ದು ಬಾಗಿಲ ಹತ್ರ ಹೋಗಿ ನಿಂತ್ಕೋ...

ಯಾಕೆ ಬೇಡ? ಇನ್ನೂ ದೂರ ಇದೆಯಾ? ಇರಲಿ, ನಿಂತಿರು...

ಗುಡ್ಡ ಬಂತಾ? ಅಲ್ಲಿ ಸಿಗ್ನಲ್ ಹೋಗುತ್ತೆ, ಬೇಗ ಹೇಳು. ಇಳೀತೀಯ ಅಲ್ವಾ? ಹೂಂ ಅನ್ನು...

ಏನು? ಕೇಳಿಸ್ಲಿಲ್ಲ, ಇನ್ನೊಂದು ಸಲ. ಹೂಂ ಅಂದ್ಯಾ, ಉಹೂಂ ಅಂದ್ಯಾ?...

ಪೀಚು? ಹೂಂ ನಾ, ಉಹೂಂ ನಾ?... ಹಲೋ?... ಸರಿ, ಏನಾದ್ರೂ ಅಂದಿರು, ನಾನು ರಸ್ತೆಗೆ ಅಡ್ಡ ನಿಂತ್ಕೋ—